ಅಂಗಡಿ, ಮನೆ, ಆಸ್ಪತ್ರೆ ಖರ್ಚು: ಇನ್ಶೂರೆನ್ಸ್ ಪೇಪರ್ ಓದೋದು ಹೇಗೆ?

"ಬ್ಯಾಂಕ್‌ನೋರೇ ಇನ್ಶೂರೆನ್ಸ್ ಮಾಡ್ಸಿದಾರಲ್ಲ, ಇನ್ನೇನ್ ಬೇಕ್ರಿ?" ದಾವಣಗೆರೆ ಮಂಡಿಪೇಟೆ, ಚಾಮರಾಜಪೇಟೆ ಕಡೆ ಅಂಗಡಿ ಇಟ್ಕೊಂಡಿರೋರನ್ನ ಕೇಳಿದ್ರೆ ತುಂಬಾ ಜನ ಹೇಳೋದು ಇದೇ. ಪಾಲಿಸಿ ಎಲ್ಲೈತೆ ಅಂದ್ರೆ ಅದೂ ಬ್ಯಾಂಕಲ್ಲೇ ಇರ್ಬೇಕು ಅಂತಾರೆ. ಹಂಗಾಗಿ ಮೊದಲ್ನೇ ಕೆಲಸ, ಬ್ಯಾಂಕಿಗೆ ಹೋಗಿ ಆ ಪಾಲಿಸಿ ಕಾಪಿ ಈಸ್ಕೊಂಡು ಬನ್ನಿ. ಬ್ಯಾಂಕ್ ಮಾಡ್ಸೋದು ತನ್ನ ಸಾಲ ಉಳಿಸ್ಕೊಳ್ಳೋಕೆ, ಎಷ್ಟೋ ಸಲ ಸಾಲದ ಮೊತ್ತಕ್ಕಷ್ಟೇ ಮಾಡ್ಸಿರ್ತಾರೆ, ಕ್ಲೇಮ್ ದುಡ್ಡು ಬಂದ್ರೂ ಮೊದ್ಲು ಹೋಗೋದು ಸಾಲದ ಖಾತೆಗೇ.

ಕಾಪಿ ಕೈಗೆ ಬಂದ್ಮೇಲೆ ಶೆಡ್ಯೂಲ್ ಅನ್ನೋ ಪುಟ ತೆಗೀರಿ, ಉಳಿದಿದ್ದು ಆಮೇಲೆ. ಅದ್ರಲ್ಲಿ ವಿಳಾಸ ನೋಡಿ. ಪಾಲಿಸೀಲಿ ಯಾವ ವಿಳಾಸ ಬರ್ದಿದೆಯೋ ಅಲ್ಲಿರೋ ಮಾಲಿಗೆ ಮಾತ್ರ ಕವರ್. ಅಂಗಡಿ ಹಳೇ ಜಾಗದಲ್ಲೇ ಇದ್ದು ಗೋಡೌನ್ ಮಾತ್ರ ಎಪಿಎಂಸಿ ಕಡೆ ಶಿಫ್ಟ್ ಮಾಡಿದ್ರೆ, ಕಂಪನಿಗೆ ಬರ್ದುಕೊಟ್ಟು ಪಾಲಿಸೀಲಿ ಆ ಬದಲಾವಣೆ ಸೇರಿಸೋ ಎಂಡಾರ್ಸ್‌ಮೆಂಟ್ ಮಾಡ್ಸದೇ ಇದ್ರೆ, ಹೊಸ ಗೋಡೌನಲ್ಲಿ ಬೆಂಕಿ ಬಿದ್ರೆ ಪೈಸಾ ಬರಲ್ಲ. ಆಮೇಲೆ ಏನೇನಕ್ಕೆ ಕವರ್ ಐತೆ ನೋಡಿ: ಕಟ್ಟಡ, ಮಷೀನು, ಫರ್ನಿಚರ್, ಸ್ಟಾಕ್ ಎಲ್ಲಾನೂ ಬೇರೆ ಬೇರೆ ಸಾಲಲ್ಲಿ ಇರುತ್ತೆ. ಮಂಡಕ್ಕಿ ಭಟ್ಟಿಯೋರು ಹೊಟ್ಟು, ಚೀಲ ಎಲ್ಲಾ ಹೊರಗಡೆ ಬಯಲಲ್ಲೇ ರಾಶಿ ಹಾಕಿರ್ತಾರೆ, ಅದನ್ನ ಬಯಲಲ್ಲಿಟ್ಟ ಸ್ಟಾಕ್ ಅಂತ ಮೊದ್ಲೇ ಹೇಳಿ ಬರೆಸ್ಬೇಕು.

ಇನ್ನು ಸಮ್ ಇನ್ಶೂರ್ಡ್, ಅಂದ್ರೆ ಎಷ್ಟು ಮೊತ್ತಕ್ಕೆ ಇನ್ಶೂರೆನ್ಸ್ ಮಾಡ್ಸಿದೀರಿ ಅನ್ನೋದು. ಜನಕ್ಕೆ ಹೊಡ್ತ ಬೀಳೋದೇ ಇಲ್ಲಿ, ಸ್ವಲ್ಪ ನಿಧಾನಕ್ಕೆ ಓದಿ. ನಿಮ್ಮ ಅಂಗಡೀಲಿ 20 ಲಕ್ಷದ ಮಾಲು ಐತೆ, ಪ್ರೀಮಿಯಂ ಉಳೀಲಿ ಅಂತ 10 ಲಕ್ಷಕ್ಕೆ ಮಾಡ್ಸಿದೀರಿ. ಶಾರ್ಟ್ ಸರ್ಕ್ಯೂಟ್ ಆಗಿ 4 ಲಕ್ಷದ ಮಾಲು ಸುಟ್ಟೋಯ್ತು. 10 ಲಕ್ಷದ ಒಳಗೇ ಇದೆಯಲ್ಲ, ಪೂರ್ತಿ 4 ಲಕ್ಷ ಬರುತ್ತೆ ಅಂದ್ಕೊಂಡಿರ್ತೀರಿ, ಆದ್ರೆ ಬರೋದು ಸುಮಾರು 2 ಲಕ್ಷ. ಅರ್ಧಕ್ಕೆ ಮಾತ್ರ ಮಾಡ್ಸಿದ್ರಿಂದ ಪ್ರತಿ ನಷ್ಟದಲ್ಲೂ ಅರ್ಧ ನಿಮ್ದೇ ಅನ್ನೋದು ಅವರ ಲೆಕ್ಕ, ಇದಕ್ಕೆ ಆವರೇಜ್ ಕ್ಲಾಜ್ ಅಂತಾರೆ. 2021ರ ಏಪ್ರಿಲ್ 1ರಿಂದ ಬಂದಿರೋ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸೀಲಿ 15 ಪರ್ಸೆಂಟ್ ವರೆಗಿನ ಕೊರತೆ ಮಾಫಿ ಇದೆ, ಅಂದ್ರೆ ಅಷ್ಟರೊಳಗೆ ಕಮ್ಮಿ ಮಾಡ್ಸಿದ್ರೆ ಹಿಂಗೆ ಕಟ್ ಮಾಡಲ್ಲ. ಒಂದು ಜಾಗದಲ್ಲಿರೋ ಆಸ್ತಿ, ಮಾಲು ಎಲ್ಲಾ ಸೇರಿ 5 ಕೋಟಿ ಒಳಗಿರೋರಿಗೆ ಈ ಪಾಲಿಸಿ, ನಮ್ಮೂರಿನ ಮುಕ್ಕಾಲು ಪಾಲು ಅಂಗಡಿ ಇದರೊಳಗೇ ಬರುತ್ತೆ ಅನ್ಸುತ್ತೆ. ಯುಗಾದಿ, ದೀಪಾವಳಿ ಟೈಮಲ್ಲಿ ಬಟ್ಟೆ ಅಂಗಡೀಲಿ ಸ್ಟಾಕ್ ಡಬಲ್ ಆಗಿರುತ್ತಲ್ಲ, ವರ್ಷದಲ್ಲಿ ಅತಿ ಹೆಚ್ಚು ಮಾಲು ಇರೋ ತಿಂಗಳ ಲೆಕ್ಕ ಹಿಡ್ಕೊಂಡೇ ಮಾಡ್ಸಿ.

ಕಳ್ಳತನ? ಬೆಂಕಿ ಪಾಲಿಸೀಲಿ ಮಾಮೂಲಿ ಕಳ್ಳತನ ಬರಲ್ಲ. ಬರ್ಗ್ಲರಿ ಕವರ್ ಬೇರೆ ತಗೋಬೇಕು, ಅದೂ ಶಟರ್ ಮುರಿದೋ ಬೀಗ ಒಡೆದೋ ನುಗ್ಗಿರೋ ಗುರುತು ಇರ್ಬೇಕು.

ಮನೆಗೆ ಭಾರತ್ ಗೃಹ ರಕ್ಷಾ ಅಂತ ಐತೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ ಎಲ್ಲಾ ಬರುತ್ತೆ, ಹರಿಹರದಲ್ಲಿ ತುಂಗಭದ್ರೆ ಪಕ್ಕ ಇರೋರು ಇದನ್ನ ಖಂಡಿತ ನೋಡ್ಬೇಕು. ಸೈಟಿನ ಬೆಲೆ ಸೇರಿಸ್ಬೇಡಿ, ಮನೆ ಮತ್ತೆ ಕಟ್ಟೋಕೆ ಎಷ್ಟಾಗುತ್ತೋ ಅಷ್ಟಕ್ಕೆ ಮಾಡ್ಸಿದ್ರೆ ಸಾಕು. ಮನೆ ಸಾಮಾನಿಗೆ ಕಟ್ಟಡದ ಮೊತ್ತದ 20 ಪರ್ಸೆಂಟ್, ಗರಿಷ್ಠ 10 ಲಕ್ಷ ತಾನಾಗೇ ಸೇರಿರುತ್ತೆ, ಆದ್ರೆ ಒಡವೆ ಸೇರಲ್ಲ, ಕೇಳಿ ಸೇರಿಸ್ಕೋಬೇಕು. ಹಳೇ ಆರ್‌ಸಿಸಿ ವರ್ಷಾನುಗಟ್ಲೆ ಸೋರಿ ಗೋಡೆ ಹಾಳಾದ್ರೆ ಅದಕ್ಕೆ ದುಡ್ಡು ಬರಲ್ಲ.

ಹೆಲ್ತ್ ಪಾಲಿಸೀಲಿ ಎರಡು ಮಾತು ಹೇಳ್ಲೇಬೇಕು. ಶುಗರ್, ಬಿಪಿ ಇದ್ರೆ ಮುಚ್ಚಿಡ್ಬೇಡಿ, ಏಜೆಂಟು "ಬಿಡಿ ಸಾರ್, ಬರೆಯೋದು ಬೇಡ" ಅಂದ್ರೂ ಬರೆಸಿ. 2024ರಿಂದ ಹಳೇ ಕಾಯಿಲೆಗೆ ಕವರ್ ಸಿಗೋಕೆ ಕಾಯೋ ಅವಧಿ ಹೆಚ್ಚಂದ್ರೆ 3 ವರ್ಷ ಅಷ್ಟೇ, ಮುಚ್ಚಿಟ್ಟು ಸಿಕ್ಕಿಬಿದ್ರೆ ಕ್ಲೇಮೂ ಹೋಯ್ತು, ಪಾಲಿಸಿನೂ ಹೋಗ್ಬಹುದು. ಇನ್ನೊಂದು ರೂಮ್ ಬಾಡಿಗೆ. ದಿನಕ್ಕೆ 4,000 ಮಿತಿ ಇದ್ದು ನೀವು 8,000ದ ರೂಮ್ ತಗೊಂಡ್ರೆ, ಎಷ್ಟೋ ಪಾಲಿಸೀಲಿ ರೂಮಿಂದಷ್ಟೇ ಅಲ್ಲ, ಡಾಕ್ಟರ್ ಫೀಸು, ಆಪರೇಷನ್ ಖರ್ಚಲ್ಲೂ ಅರ್ಧ ಕಟ್ ಮಾಡ್ತಾರೆ. ಅಡ್ಮಿಟ್ ಆಗೋ ಗಡಿಬಿಡೀಲಿ ಇದ್ಯಾವ್ದೂ ತಲೆಗೆ ಬರಲ್ಲ, ಅದ್ಕೇ ಮಿತಿ ಎಷ್ಟು ಅನ್ನೋದು ಮನೆಯೋರಿಗೆಲ್ಲ ಗೊತ್ತಿರ್ಲಿ. ಹೊಸ ಪಾಲಿಸಿ ಓದಿ ಸರಿ ಅನ್ನಿಸ್ಲಿಲ್ಲ ಅಂದ್ರೆ ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡ್ಬಹುದು.

ಏನಾದ್ರೂ ಅನಾಹುತ ಆದ್ರೆ? ಅವತ್ತೇ ಕಂಪನಿಗೆ ಫೋನ್ ಮಾಡಿ, ಕ್ಲೇಮ್ ನಂಬರ್ ಬರ್ಕೊಳ್ಳಿ. ಬೆಂಕಿ ಆದ್ರೆ ಅಗ್ನಿಶಾಮಕದವರ ರಿಪೋರ್ಟು, ಕಳ್ಳತನ ಆದ್ರೆ ಎಫ್‌ಐಆರ್. ನಷ್ಟ ಎಷ್ಟಾಗಿದೆ ಅಂತ ಲೆಕ್ಕ ಹಾಕೋ ಸರ್ವೇಯರ್ ಬಂದು ನೋಡೋವರೆಗೂ ಸುಟ್ಟ ಮಾಲು ಎತ್ತಿ ಬಿಸಾಕ್ಬೇಡಿ, ಉಳಿದ ಮಾಲು ಮಾತ್ರ ನೆನೆಯದಂಗೆ ಪಕ್ಕಕ್ಕಿಡಿ, ಎಲ್ಲಾ ಕಡೆಯಿಂದ ಫೋಟೋ, ವಿಡಿಯೋ ತೆಗೀರಿ. ಸರ್ವೇಯರ್ ಮೊದ್ಲು ಕೇಳೋದು ಸ್ಟಾಕ್ ರಿಜಿಸ್ಟರ್, ಖರೀದಿ ಬಿಲ್ಲು. ಅವು ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇದ್ದು ಅಂಗಡಿ ಜೊತೇಲೇ ಸುಟ್ಟೋಗಿದ್ರೆ 20 ಲಕ್ಷದ ಮಾಲಿತ್ತು ಅಂತ ತೋರ್ಸೋದು ಹೆಂಗೆ? ತಿಂಗಳಿಗೊಂದ್ಸಲ ರಿಜಿಸ್ಟರ್ ಪುಟಗಳ ಫೋಟೋ ತೆಗ್ದು ಮನೆಯೋರ ಫೋನಿಗೆ ವಾಟ್ಸಾಪ್ ಮಾಡ್ಬಿಡಿ, ಹತ್ತು ನಿಮಿಷದ ಕೆಲಸ.

ಕಂಪನಿ ಕ್ಲೇಮ್ ತಳ್ಳಿ ಹಾಕಿದ್ರೆ ಬಾಯಿ ಮಾತಿಗೆ ಒಪ್ಪಬೇಡಿ, ಯಾವ ಕಂಡೀಷನ್ ಪ್ರಕಾರ ಅಂತ ಬರಹದಲ್ಲಿ ಕೇಳಿ. ಕಂಪನಿಯ ಗ್ರೀವೆನ್ಸ್ ವಿಭಾಗಕ್ಕೆ ದೂರು ಕೊಡಿ, ಒಂದು ತಿಂಗಳಾದ್ರೂ ಉತ್ತರ ಬರ್ಲಿಲ್ಲ, ಇಲ್ಲಾ ಉತ್ತರ ಸರಿ ಇಲ್ಲ ಅಂದ್ರೆ ಇಂಥ ತಕರಾರು ಬಗೆಹರಿಸೋ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಕಚೇರಿಗೆ ಬರೀಬಹುದು, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಬರೀಬೇಕು. 50 ಲಕ್ಷದವರೆಗಿನ ತಕರಾರು ಅಲ್ಲಿ ನೋಡ್ತಾರೆ, ಫೀಸ್ ಇಲ್ಲ, ವಕೀಲರೂ ಬೇಡ. ಮನೆಯೋರಷ್ಟೇ ಅಲ್ಲ, ಒಬ್ರೇ ಮಾಲೀಕರಿರೋ ಅಂಗಡಿ, ಸೂಕ್ಷ್ಮ ಉದ್ಯಮದೋರೂ ಅಲ್ಲಿಗೆ ಹೋಗ್ಬಹುದು, ಮತ್ತೆ ಅಲ್ಲಿ ಕೊಟ್ಟ ಆದೇಶ ಕಂಪನಿ ಪಾಲಿಸ್ಲೇಬೇಕು. ಎಲ್ಲಿ ಶುರು ಮಾಡೋದು ಗೊತ್ತಾಗ್ತಿಲ್ಲ ಅಂದ್ರೆ 155255ಕ್ಕೆ ಫೋನ್ ಮಾಡಿ, ಅದು ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರದ್ದೇ ದೂರಿನ ನಂಬರ್.