ಮನೆಯಲ್ಲಿ ಎಷ್ಟು ಕೋವಿ ಇರಬೇಕು?

2019ರ ಡಿಸೆಂಬರಿನಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂದಾಗ ನಮ್ಮ ಮನೆಯ ಬೀರುವಿನಲ್ಲಿ ಮೂರು ಕೋವಿಗಳಿದ್ದವು. ಅಜ್ಜನ ಕಾಲದ, ನಳಿಗೆಯ ಬಾಯಿಂದ ಮದ್ದು ತುಂಬಿ ಹಾರಿಸುವ ಒಂದು ಕೇಪಿನ ಕೋವಿ, ಅಪ್ಪ ತೋಟಕ್ಕೆಂದು ಕೊಂಡಿದ್ದ ಜೋಡಿ ನಳಿಗೆಯ 12 ಬೋರ್, ಯಾವುದೋ ಹುಮ್ಮಸ್ಸಿನಲ್ಲಿ ತಂದ ಒಂದು .22 ರೈಫಲ್. ಮೂರೂ ಅಪ್ಪನ ಪರವಾನಗಿ ಪುಸ್ತಕದಲ್ಲಿಯೇ ಇದ್ದವು. ಒಬ್ಬರ ಬಳಿ ಮೂರು ಬಂದೂಕು ಇರಬಹುದೆಂಬ ಹಳೆಯ ಮಿತಿಯನ್ನು ಆ ತಿದ್ದುಪಡಿ ಎರಡಕ್ಕೆ ಇಳಿಸಿತು. ಮಸೂದೆಯ ಮೊದಲ ರೂಪದಲ್ಲಿ ಒಂದೇ ಎಂದಿತ್ತು, ವಿರೋಧ ಬಂದ ಮೇಲೆ ಅದು ಎರಡಾಯಿತು. ಹೆಚ್ಚುವರಿ ಕೋವಿಯನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಪಡೆದ ಬಂದೂಕು ವ್ಯಾಪಾರಿಗೋ ಒಪ್ಪಿಸಬೇಕಿತ್ತು. ಯಾವುದನ್ನು ಬಿಡುವುದು ಎಂದು ನಾವು ಮೂರು ತಿಂಗಳು ಚರ್ಚಿಸಿದೆವು. ಹಾಗೆ ಚರ್ಚಿಸುವಾಗ ಅರ್ಥವಾದ ಸಂಗತಿಯೆಂದರೆ, ಮೂರು ಕೋವಿ ನಮಗೆ ಏಕೆ ಬೇಕು ಎಂದು ಆವರೆಗೆ ಯಾರೂ ಕೇಳಿಕೊಂಡಿರಲೇ ಇಲ್ಲ ಎಂಬುದು. ಈಗ ಹೊಸದಾಗಿ ಪರವಾನಗಿಗೆ ಅರ್ಜಿ ಹಾಕುವವರೂ ಎರಡನೆಯ ಕೋವಿ ಕೊಳ್ಳಲು ಹೊರಟವರೂ ಆ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಸರಿಯಾಗಿರಬೇಕು. ಪರವಾನಗಿ ಮನೆಗಲ್ಲ, ವ್ಯಕ್ತಿಗೆ. ಅಪ್ಪನ ಹೆಸರಿನ ಕೋವಿಯನ್ನು ಮಗ ರಾತ್ರಿ ಗದ್ದೆಗೆ ಒಯ್ಯುವುದು ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು. ಪರವಾನಗಿ ಇಲ್ಲದವರು ಕೋವಿಯನ್ನು ಹೊತ್ತೊಯ್ಯಲು ಕಾಯ್ದೆ ಅವಕಾಶ ಕೊಡುವುದು ರಿಪೇರಿಗೆ, ನವೀಕರಣಕ್ಕೆ ಅಥವಾ ಪರವಾನಗಿದಾರನೇ ಬಳಸುವುದಕ್ಕೆ ಮಾತ್ರ. ಅದೂ ಆತನ ಎದುರಿನಲ್ಲಿ ಅಥವಾ ಆತ ಬರೆದುಕೊಟ್ಟ ಅನುಮತಿಯ ಮೇಲೆ. ಆದ್ದರಿಂದ ಮನೆಯಲ್ಲಿ ನಿಜವಾಗಿ ಕೋವಿ ಹಿಡಿಯುವವರು ಇಬ್ಬರಿದ್ದರೆ, ಒಬ್ಬರ ಹೆಸರಿನಲ್ಲಿ ಎರಡು ಕೋವಿ ಇಡುವುದಕ್ಕಿಂತ ಇಬ್ಬರೂ ಒಂದೊಂದು ಪರವಾನಗಿ ಪಡೆಯುವುದೇ ಸರಿಯಾದ ದಾರಿ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು ಎಂಬುದೂ ನೆನಪಿರಲಿ.

ಎರಡರ ಮಿತಿಗೆ ಹೊರತಾದವರೂ ಇದ್ದಾರೆ. ಕೊಡಗಿನಲ್ಲಿ ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯದ ಭೂಹಿಡುವಳಿ ಇರುವವರಿಗೂ ಕೋವಿಯ ಪರವಾನಗಿಯಿಂದಲೇ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಯುಧ ಪೂಜಿಸುವ ಹಬ್ಬವಾದ ಕೈಲ್ ಪೊಳ್ದ್ ದಿನ ತೋಕಿಗೆ, ಅಂದರೆ ಕೋವಿಗೆ, ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜಿಸುವ, ಮಗು ಹುಟ್ಟಿದಾಗಲೂ ಸಾವಾದಾಗಲೂ ಗುಂಡು ಹಾರಿಸಿ ಊರಿಗೆ ತಿಳಿಸುವ ಸಮುದಾಯದ ಆ ವಿನಾಯಿತಿಯನ್ನು ಪಕ್ಕದ ಸಕಲೇಶಪುರದಲ್ಲಿ ಕುಳಿತು ನಾವು ಉದಾಹರಿಸಿದರೆ ಪ್ರಯೋಜನವಿಲ್ಲ. ಇನ್ನು ಶೂಟಿಂಗ್ ಕ್ರೀಡಾಪಟುಗಳಿಗೆ ಬೇರೆಯೇ ಲೆಕ್ಕ. 2020ರ ಫೆಬ್ರುವರಿಯ ಅಧಿಸೂಚನೆಯ ಪ್ರಕಾರ ಅಂತರರಾಷ್ಟ್ರೀಯ ಪದಕ ವಿಜೇತರಂಥವರು 12ರ ವರೆಗೆ ಇಟ್ಟುಕೊಳ್ಳಬಹುದು. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲ್ಲಿಗೂ ಏರ್ ರೈಫಲ್ಲಿಗೂ ಕಾಯ್ದೆಯಲ್ಲೇ ಪ್ರತ್ಯೇಕ ಅವಕಾಶವಿದೆ. ಅದೇ 2020ರ ನಿಯಮದಲ್ಲಿ, ಪುರಾತನ ವಸ್ತುವಿನ ವರ್ಗಕ್ಕೆ ಸೇರುವ ಸಣ್ಣ ಆಯುಧವನ್ನು ಇಟ್ಟುಕೊಳ್ಳಲು ಪರವಾನಗಿ ಬೇಡ, ಆದರೆ ಬಳಸಲು, ಒಯ್ಯಲು ಬೇಕು ಎಂದಾಯಿತು. ಅಟ್ಟದ ಮೇಲಿನ ಕೋವಿ ಹಳೆಯದು ಎಂದ ಮಾತ್ರಕ್ಕೆ ಅದು ತಾನಾಗಿ ಆ ವರ್ಗಕ್ಕೆ ಸೇರುವುದಿಲ್ಲ, ಅದನ್ನು ಪರವಾನಗಿ ಕೊಡುವ ಕಚೇರಿಯಲ್ಲಿ ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಈ ಯಾವ ಗುಂಪಿಗೂ ಸೇರದ ನಮ್ಮಂಥವರಿಗೆ ಇರುವ ಆಯ್ಕೆ ಸೊನ್ನೆ, ಒಂದು ಅಥವಾ ಎರಡು, ಅಷ್ಟೇ.

ಸೊನ್ನೆಯನ್ನು ಸುಮ್ಮನೆ ಸೇರಿಸಿದ್ದಲ್ಲ. ಕೋವಿ ಯಾವ ಕೆಲಸಕ್ಕೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಲು ಆಗದಿದ್ದರೆ ಸೊನ್ನೆಯೇ ಸರಿಯಾದ ಉತ್ತರ. ಮಲೆನಾಡಿನಲ್ಲಿ ಆ ವಾಕ್ಯ ಸಾಮಾನ್ಯವಾಗಿ ಬೆಳೆ ರಕ್ಷಣೆ ಎಂದಿರುತ್ತದೆ. ಆದರೆ ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೋವಿ ಇದ್ದವನಿಗೂ ಇಲ್ಲದವನಿಗೂ ಒಂದೇ. ಪ್ರಾಯೋಗಿಕವಾಗಿ ನಾವು ಮಾಡುವುದು ಹಂದಿಯ ಹಿಂಡು ಗದ್ದೆಗೆ ಇಳಿದಾಗ ಸದ್ದು ಮಾಡಿ ಓಡಿಸುವುದನ್ನು ಮಾತ್ರ. ಆನೆಯ ಎದುರು ಕೋವಿ ಹಿಡಿದು ನಿಲ್ಲುವುದು ಮೂರ್ಖತನ, ಅಲ್ಲಿ ಅರಣ್ಯ ಇಲಾಖೆಗೆ ಫೋನ್ ಮಾಡುವುದೇ ಕೆಲಸ. ಸದ್ದಿಗೇ ಆದರೆ ಪಟಾಕಿ, ತಮಟೆ, ಸೋಲಾರ್ ಬೇಲಿ ಇವು ಸಾಕಾಗುವ ತೋಟಗಳು ಎಷ್ಟೋ ಇವೆ.

ಎರಡನೆಯದು ಬೇಕೇ ಎಂದು ತಿಳಿಯಲು ನಾನು ಕಂಡುಕೊಂಡ ಒಂದೇ ನಂಬಬಹುದಾದ ಉಪಾಯ ಡೈರಿ. ಮೂರರಲ್ಲಿ ಯಾವುದನ್ನು ಬಿಡಬೇಕೆಂದು ಇತ್ಯರ್ಥವಾಗದಿದ್ದಾಗ ಬೀರುವಿನ ಬಾಗಿಲಿಗೆ ದಾರ ಕಟ್ಟಿ ಒಂದು ಚಿಕ್ಕ ಪುಸ್ತಕ ತೂಗುಹಾಕಿದೆ. ಕೋವಿ ಹೊರಬಂದ ದಿನ, ಯಾವ ಕೋವಿ, ಏತಕ್ಕೆ, ಎಷ್ಟು ಈಡು ಹಾರಿತು, ಈ ನಾಲ್ಕೇ ಕಾಲಂ. ಎಂಟು ತಿಂಗಳಲ್ಲಿ ಜೋಡಿ ನಳಿಗೆ ಹದಿನಾಲ್ಕು ಸಲ ಹೊರಬಂದಿತ್ತು, ಅದರಲ್ಲಿ ಹತ್ತು ಸಲ ಒರೆಸಿ ಎಣ್ಣೆ ಹಚ್ಚುವುದಕ್ಕೆ, ನಾಲ್ಕು ಸಲ ಹಂದಿಗೆ. ಕೇಪಿನ ಕೋವಿ ಒರೆಸುವುದಕ್ಕೂ ಆಯುಧಪೂಜೆಗೂ ಬಿಟ್ಟರೆ ಕದಲಿರಲಿಲ್ಲ. ರೈಫಲ್ಲಿನ ಸಾಲಿನಲ್ಲಿ ಎಲ್ಲ ಕಡೆ ‘ಒರೆಸಿದ್ದು’ ಎಂದೇ ಇತ್ತು. ಅದು ಹೋಗಬೇಕೆಂಬುದು ಆ ಪುಸ್ತಕ ನೋಡಿದ ಅಪ್ಪನಿಗೇ ಹೊಳೆಯಿತು. ನಾನು ಬಾಯಲ್ಲಿ ಹೇಳಿದ್ದರೆ ಜಗಳವಾಗುತ್ತಿತ್ತು. ಎರಡನೆಯ ಕೋವಿ ಕೊಳ್ಳಬೇಕೆನ್ನುವವರು ಮೊದಲನೆಯದಕ್ಕೆ ಹೀಗೊಂದು ಲೆಕ್ಕ ಕನಿಷ್ಠ ಒಂದು ಮಳೆಗಾಲವೂ ಒಂದು ಕೊಯ್ಲೂ ಕಳೆಯುವವರೆಗೆ ಇಟ್ಟು ನೋಡಲಿ. ಮೊದಲನೆಯದರಿಂದ ಆಗದೆ ಹೋದ ಕೆಲಸ ಎಷ್ಟು ಸಲ ಬಂತು ಎಂಬ ಐದನೆಯ ಕಾಲಮನ್ನು ಅವರು ಸೇರಿಸಿಕೊಳ್ಳಬೇಕು. ಅದು ಖಾಲಿ ಉಳಿದರೆ ಅರ್ಜಿ ಬರೆಯುವ ಶ್ರಮ ಉಳಿಯಿತು.

ಎರಡನೆಯದು ಯಾವ ಬಗೆಯದು ಎಂಬುದರ ಮೇಲೂ ದಾರಿ ಬದಲಾಗುತ್ತದೆ. ಆತ್ಮರಕ್ಷಣೆಗೋ ಕ್ರೀಡೆಗೋ 20 ಇಂಚಿಗೆ ಕಡಿಮೆಯಿಲ್ಲದ, ಒಳಗೆ ಗೀರುಗಳಿಲ್ಲದ ನಯವಾದ ನಳಿಗೆಯ ಕೋವಿ, ಪ್ರಾಮಾಣಿಕ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ, ಇವುಗಳಿಗೆ ಕಾಯ್ದೆ ಉದಾರವಾಗಿದೆ. ರೈಫಲ್, ರಿವಾಲ್ವರ್, ಪಿಸ್ತೂಲು ಎಂದರೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ನನ್ನ ಅಭಿಪ್ರಾಯ ಕೇಳಿದರೆ, ತೋಟದ ಮನೆಗೆ ಜೋಡಿ ನಳಿಗೆಯ 12 ಬೋರ್ ಒಂದಿದ್ದ ಮೇಲೆ ಇನ್ನೊಂದು 12 ಬೋರ್ ಇಡುವುದಕ್ಕೆ ಅರ್ಥವೇ ಇಲ್ಲ. ರಿವಾಲ್ವರ್ ಬೇಕೆನ್ನುವವರಲ್ಲಿ ನಿಜವಾದ ಬೆದರಿಕೆ ಇದ್ದವರಿಗಿಂತ ಮದುವೆ ಮನೆಯಲ್ಲಿ ಸೊಂಟ ತೋರಿಸುವ ಆಸೆಯವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಸಂಭ್ರಮಕ್ಕೆಂದು ಜನರ ನಡುವೆ ಬೇಜವಾಬ್ದಾರಿಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಆಗಬಹುದೆಂದು ಅದೇ 2019ರ ತಿದ್ದುಪಡಿ ಹೇಳುತ್ತದೆ.

ಸಂಖ್ಯೆಯನ್ನು ಕೊನೆಗೆ ತೀರ್ಮಾನಿಸುವುದು, ನನ್ನ ಮಟ್ಟಿಗೆ, ಆಷಾಢದ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯೊಳಗಿನ ಗೋಡೆಯೇ ಬೆವರುತ್ತದೆ, ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಒಂದು ವರ್ಷ ಜೋಡಿ ನಳಿಗೆಯನ್ನು ಅದರ ಚರ್ಮದ ಚೀಲದಲ್ಲೇ ಬಿಟ್ಟು ಮೂರು ವಾರ ಮರೆತೆ. ತೆಗೆದು ನಳಿಗೆಯನ್ನು ಕೀಲಿನ ಬಳಿ ಬಾಗಿಸಿ ತೆರೆದು ಬೆಳಕಿಗೆ ಹಿಡಿದರೆ ಕನ್ನಡಿಯಂತಿದ್ದ ಬಲ ನಳಿಗೆಯ ಒಳಗೆ, ಬಾಯಿಂದ ಒಂದು ಗೇಣು ಕೆಳಗೆ, ರಾಗಿಕಾಳಿನಷ್ಟು ದಪ್ಪದ ಕಂದು ಚುಕ್ಕೆಗಳು ಸಾಲಾಗಿ ಕೂತಿದ್ದವು. ಚರ್ಮ ತೇವ ಹೀರಿ ಕಬ್ಬಿಣಕ್ಕೆ ಒಪ್ಪಿಸಿತ್ತು. ತಂತಿ ಬ್ರಷ್ಷು, ಎಣ್ಣೆ, ಹಳೆಯ ಪಂಚೆಯ ಚೂರು ಹಿಡಿದು ಎರಡು ಸಂಜೆ ಉಜ್ಜಿದರೂ ಎರಡು ಚುಕ್ಕೆ ಗುಳಿಯಾಗಿಯೇ ಉಳಿದವು. ಅಂದಿನಿಂದ ಚೀಲ ಸಾಗಣೆಗೆ ಮಾತ್ರ. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಒಂದು ಕೋವಿಗೆ ಅರ್ಧ ಗಂಟೆ ಬೇಕು. ಕೇಪಿನ ಕೋವಿಯಾದರೆ ಉರಿದ ಮದ್ದು ನಳಿಗೆಯಲ್ಲಿ ಉಳಿಸುವ ಉಪ್ಪು ತೊಳೆಯಲು ಬಿಸಿನೀರು ಹಾಕಿ, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕಾಗುವುದರಿಂದ ಈಡು ಹಾರಿಸಿದ ಪ್ರತಿ ಸಲವೂ ಒಂದು ಗಂಟೆ. ನಿಮ್ಮ ವಾರದಲ್ಲಿ ಅಷ್ಟು ಗಂಟೆ ಎಷ್ಟು ಕೋವಿಗೆ ಸಿಗುತ್ತದೆ ಎಂದು ಎಣಿಸಿ ನೋಡಿ. ಒಳಗೆ ತುಕ್ಕು ತಿಂದ ನಳಿಗೆ ಹಂದಿಗಿಂತ ಹಾರಿಸುವವನಿಗೇ ಅಪಾಯ.

ಜಾಗವೂ ಹಾಗೆಯೇ. ಗೋಡೆಯ ಮೊಳೆಗೆ ಕೋವಿ ತೂಗುಹಾಕುವ ಕಾಲ ಹೋಯಿತು. ಈಡು ತೆಗೆದು, ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿ ಕೋವಿ ಇರಬೇಕು, ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ ಬೇರೆ ಬೀಗದೊಳಗೆ ಇರಬೇಕು, ಬೀಗದಕೈ ಪರವಾನಗಿದಾರನ ಬಳಿ ಮಾತ್ರ ಇರಬೇಕು. ಮನೆಯಲ್ಲಿ ಮಕ್ಕಳಿದ್ದರೆ, ಕುಡಿತದ ಚಟವಿರುವವರಿದ್ದರೆ, ಅಥವಾ ಮನಸ್ಸು ತೀರಾ ಕುಗ್ಗಿರುವವರು ಯಾರಾದರೂ ಇದ್ದರೆ, ಎರಡೋ ಒಂದೋ ಎಂಬ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿ, ಇರುವ ಕೋವಿಯನ್ನೂ ಕೆಲಕಾಲ ಠಾಣೆಯಲ್ಲೋ ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಶೀದಿ ಪಡೆದು ಬನ್ನಿ. ಇದರಲ್ಲಿ ಮರ್ಯಾದೆಯ ಪ್ರಶ್ನೆ ಏನೂ ಇಲ್ಲ.

ಕಾಗದಪತ್ರದ ಕೆಲಸವನ್ನು ಚುಟುಕಾಗಿ ಹೇಳುತ್ತೇನೆ. ಪರವಾನಗಿಯ ಅವಧಿ ಈಗ ಐದು ವರ್ಷ. ಅವಧಿ ಮುಗಿಯಲು ಎರಡು ತಿಂಗಳು ಇರುವಾಗಲೇ ನವೀಕರಣದ ಅರ್ಜಿ ಹೋಗಲಿ. ಪರವಾನಗಿ ಪುಸ್ತಕದಲ್ಲಿ ಪರವಾನಗಿದಾರನಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ (ಯುಐಎನ್) ಇದೆಯೇ ಎಂದೂ, ಕೋವಿಯ ಮೇಲೆ ಕೆತ್ತಿದ ನಂಬರ್ ಪುಸ್ತಕದಲ್ಲಿ ಬರೆದದ್ದಕ್ಕೆ ಹೊಂದುತ್ತದೆಯೇ ಎಂದೂ ಒಮ್ಮೆ ಕನ್ನಡಕ ಹಾಕಿಕೊಂಡು ನೋಡಿ. ನಮ್ಮ ಕೇಪಿನ ಕೋವಿಯಲ್ಲಿ 3 ಎಂದಿದ್ದುದು ಪುಸ್ತಕದಲ್ಲಿ 8 ಆಗಿತ್ತು, ಅದನ್ನು ತಿದ್ದಿಸಲು ಒಂದು ಕಚೇರಿಗೆ ಆರು ಸಲ ಅಲೆದೆವು. ಚುನಾವಣೆ ಘೋಷಣೆಯಾದಾಗಲೆಲ್ಲ ಠಾಣೆಗೆ ಜಮಾ ಮಾಡಿ ಎಂಬ ಸೂಚನೆ ಬರುತ್ತದೆ. ಬಸ್ಸಿಲ್ಲದ ಊರಿನಿಂದ ಎರಡು ಕೋವಿ ಹೊತ್ತು ಹೋಗಿ, ಎರಡು ರಶೀದಿ ಜೋಪಾನ ಮಾಡಿ, ಫಲಿತಾಂಶದ ನಂತರ ಎರಡನ್ನೂ ತಂದು, ಠಾಣೆಯ ಕೋಣೆಯಲ್ಲಿ ಹಿಡಿದ ತುಕ್ಕು ತೆಗೆದವರಿಗೆ ಎರಡನೆಯ ಕೋವಿಯ ನಿಜವಾದ ಬೆಲೆ ತಿಳಿದಿರುತ್ತದೆ.

ಇನ್ನು ಪಿತ್ರಾರ್ಜಿತದ ವಿಷಯ. ಹೆಚ್ಚಿನ ಮನೆಗಳಲ್ಲಿ ಸಂಖ್ಯೆ ಮೀರುವುದು ಕೊಳ್ಳುವುದರಿಂದಲ್ಲ, ಹಿರಿಯರಿಂದ ಬರುವುದರಿಂದ. ವಂಶಪಾರಂಪರ್ಯದ ಕೋವಿಗೆ ಪರವಾನಗಿ ಕೊಡುವಾಗಲೂ ಎರಡರ ಮಿತಿ ಮೀರುವಂತಿಲ್ಲ. ಆದ್ದರಿಂದ ನಿಮ್ಮ ಬಳಿ ಈಗಾಗಲೇ ಎರಡಿದ್ದರೆ ಅಪ್ಪನ ಕೋವಿ ನಿಮಗೆ ಬರುವುದಿಲ್ಲ ಎಂಬುದನ್ನು ಎರಡನೆಯದನ್ನು ಕೊಳ್ಳುವ ಮೊದಲೇ ಯೋಚಿಸಿ. ಪರವಾನಗಿದಾರರು ತೀರಿಕೊಳ್ಳುವವರೆಗೆ ಕಾಯಬೇಕಾಗಿಯೂ ಇಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಅವರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ, ತಾವು ಸೂಚಿಸಿದ ವಾರಸುದಾರರಿಗೆ ಅದನ್ನು ವರ್ಗಾಯಿಸಲು ಅರ್ಜಿ ಹಾಕಬಹುದು. ಅವರು ಬದುಕಿರುವಾಗಲೇ ಇದು ಮುಗಿದರೆ ಅಣ್ಣತಮ್ಮಂದಿರ ನಡುವೆ ಆಮೇಲೆ ಒಪ್ಪಿಗೆ ಪತ್ರಕ್ಕಾಗಿ ಅಲೆಯುವುದು ತಪ್ಪುತ್ತದೆ.

ನಾವು .22 ರೈಫಲ್ಲನ್ನು ಪರವಾನಗಿ ಪಡೆದ ವ್ಯಾಪಾರಿಗೆ ಮಾರಿ, ಪುಸ್ತಕದಿಂದ ಅದನ್ನು ತೆಗೆಸಿದೆವು. ಕೇಪಿನ ಕೋವಿಗೆ ಅಪ್ಪ ನನ್ನ ತಮ್ಮನನ್ನು ವಾರಸುದಾರನೆಂದು ಸೂಚಿಸಿದರು. ಅವನ ಪರವಾನಗಿ ಕೈಗೆ ಬಂದ ಮೇಲಷ್ಟೇ ಅದು ಅವನ ಮನೆಗೆ ಹೋಯಿತು. ಅಲ್ಲಿಯವರೆಗೆ ಒಂದು ದಿನಕ್ಕೂ ಕೊಟ್ಟಿರಲಿಲ್ಲ. ಮಾರಾಟದ ರಶೀದಿ, ವರ್ಗಾವಣೆಯ ಆದೇಶ, ಹಳೆಯ ಪುಸ್ತಕದ ನಕಲು ಈ ಮೂರನ್ನೂ ನಾನು ಇಂದಿಗೂ ಬೀರುವಿನಲ್ಲೇ ಇಟ್ಟಿದ್ದೇನೆ, ಏಕೆಂದರೆ ಮೂರನೆಯ ಕೋವಿ ಎಲ್ಲಿ ಎಂದು ಠಾಣೆಯಿಂದ ಕೇಳಿಕೊಂಡು ಬಂದವರು ಈವರೆಗೆ ಇಬ್ಬರು.