ಪಿಂಗ್ ಹೋಗುತ್ತೆ, ಪೇಜ್ ತೆರೆಯಲ್ಲ: ಉಬುಂಟುವಿನಲ್ಲಿ ಎಂಟಿಯು ಸರಿಮಾಡಿದ ಅನುಭವ

ಮನೆಯ ಫೈಬರ್ ಕನೆಕ್ಷನ್‌ಗೆ ಹೊಸ ರೂಟರ್ ಹಾಕಿದ ಮೇಲೆ ವಿಚಿತ್ರ ಕಾಟ ಶುರುವಾಯಿತು. ಪಿಂಗ್ (ದೂರದ ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ನೋಡುವ ಪರೀಕ್ಷೆ) ಸಲೀಸಾಗಿ ಹೋಗುತ್ತಿತ್ತು, ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕುವ ಡಿಎನ್‌ಎಸ್ ಕೂಡ ಸರಿಯಾಗಿತ್ತು. ಆದರೆ ಕೆಲವು ಸೈಟುಗಳು ಮಾತ್ರ ಸುಮ್ಮನೆ ಸುತ್ತುತ್ತಾ ನಿಂತುಬಿಡುತ್ತಿದ್ದವು. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗುತ್ತಿತ್ತು, ಉದ್ದದ ಔಟ್‌ಪುಟ್ ಬಂದರೆ ಟರ್ಮಿನಲ್ ಅಲ್ಲೇ ಸ್ತಬ್ಧ.

ಚಿಕ್ಕ ಪ್ಯಾಕೆಟ್ ದಾಟಿ ದೊಡ್ಡದು ಸಿಕ್ಕಿಕೊಳ್ಳುತ್ತಿದ್ದರೆ ಮೊದಲು ಎಂಟಿಯು (ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಎಂಬ ಮಿತಿ) ನೋಡಬೇಕು. ಟರ್ಮಿನಲ್‌ನಲ್ಲಿ ಹೀಗೆ ಕೊಟ್ಟೆ:

ping -M do -s 1472 1.1.1.1

'-M do' ಅಂದರೆ ಪ್ಯಾಕೆಟ್ಟನ್ನು ದಾರಿಯಲ್ಲಿ ತುಂಡು ಮಾಡಬೇಡಿ ಎಂದರ್ಥ; '-s' ಮುಂದಿನ ಸಂಖ್ಯೆ ಕಳಿಸುವ ಡೇಟಾ ಎಷ್ಟು ಬೈಟ್ ಎಂಬುದು. ಉತ್ತರವೇ ಇಲ್ಲ. 1464ಕ್ಕೆ ಇಳಿಸಿದ ಕೂಡಲೇ ಬಂತು. ಹೆಡರ್‌ಗಳ 28 ಬೈಟ್ ಸೇರಿಸಿದರೆ 1492. ರೂಟರ್ ಇಂಟರ್ನೆಟ್ ಕಂಪನಿಗೆ ಲಾಗಿನ್ ಆಗಲು ಬಳಸುವ ಪಿಪಿಪಿಒಇ ಪ್ರೋಟೋಕಾಲ್ 8 ಬೈಟ್ ತಾನೇ ತಿನ್ನುವುದರಿಂದ ಈಥರ್ನೆಟ್‌ನ 1500ರಲ್ಲಿ ಉಳಿಯುವುದು ಅಷ್ಟೇ. 'ಪ್ಯಾಕೆಟ್ ದೊಡ್ಡದಾಯಿತು' ಎಂಬ ಐಸಿಎಂಪಿ (ನೆಟ್‌ವರ್ಕ್‌ನ ತೊಂದರೆಗಳನ್ನು ತಿಳಿಸುವ ಪ್ರೋಟೋಕಾಲ್) ಸಂದೇಶವನ್ನು ನಡುವೆ ಯಾವುದೋ ಫೈರ್‌ವಾಲ್ ತಡೆದರೆ, ಕಳಿಸಿದ ಸರ್ವರ್‌ಗೆ ಈ ವಿಷಯ ಗೊತ್ತೇ ಆಗುವುದಿಲ್ಲ. ಭದ್ರತೆಯ ಹೆಸರಲ್ಲಿ ಐಸಿಎಂಪಿಯನ್ನು ಪೂರ್ತಿ ಮುಚ್ಚುವುದು ನಿಜಕ್ಕೂ ಕೆಟ್ಟ ಅಭ್ಯಾಸ.

ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ನನ್ನ ವೈಫೈ ಕನೆಕ್ಷನ್ ತೆರೆದು, ಎಂಟಿಯು ಎಂಬಲ್ಲಿ 'ಆಟೊಮ್ಯಾಟಿಕ್' ಬದಲು 1492 ಹಾಕಿ, ಕನೆಕ್ಷನ್ ಆಫ್ ಮಾಡಿ ಆನ್ ಮಾಡಿದೆ. ನಿಂತಿದ್ದ ಪೇಜುಗಳೆಲ್ಲ ತಕ್ಷಣ ತೆರೆದುಕೊಂಡವು. ಈಗ ಲ್ಯಾಪ್‌ಟಾಪ್ ಟಿಸಿಪಿ ಸಂಪರ್ಕ ಶುರುಮಾಡುವಾಗಲೇ 1452ರ ಎಂಎಸ್‌ಎಸ್ (1492ರಲ್ಲಿ ಹೆಡರ್‌ಗಳ 40 ಬೈಟ್ ಕಳೆದು, ಒಂದು ಪ್ಯಾಕೆಟ್‌ನಲ್ಲಿ ಹಿಡಿಸುವ ಡೇಟಾದ ಮಿತಿ) ಹೇಳುತ್ತದೆ, ಹಾಗಾಗಿ ಸರ್ವರ್ ದೊಡ್ಡ ಪ್ಯಾಕೆಟ್ ಕಳಿಸುವುದೇ ಇಲ್ಲ.

ಮನೆಯಲ್ಲಿ ಹತ್ತಾರು ಸಾಧನಗಳಿದ್ದರೆ ಒಂದೊಂದನ್ನೂ ತಿದ್ದುವ ಬದಲು ರೂಟರ್‌ನಲ್ಲೇ 'ಎಂಎಸ್‌ಎಸ್ ಕ್ಲ್ಯಾಂಪಿಂಗ್' ಆನ್ ಮಾಡಿ; ಆಗ ಎಲ್ಲ ಸಾಧನಗಳ ಎಂಎಸ್‌ಎಸ್ ಅನ್ನು ರೂಟರೇ ಇಳಿಸುತ್ತದೆ. ನಾನೂ ಆಮೇಲೆ ಅದನ್ನೇ ಮಾಡಿದೆ.