ರಿಪೋರ್ಟ್ ನಾರ್ಮಲ್ ಇದ್ದರೂ ನಾನು ಕೇಳುವ ಪ್ರಶ್ನೆಗಳು

ದಾವಣಗೆರೆಯ ಒಂದು ಲ್ಯಾಬ್‌ನಲ್ಲಿ ವೀರ್ಯ ಪರೀಕ್ಷೆ ಮಾಡುವುದು ನನ್ನ ಕೆಲಸ. ಹೆಂಡತಿಯ ಟ್ಯೂಬ್ (ಅಂಡನಾಳ) ಸರಿ ಇದೆ, ಅಂಡಾಣು ತಿಂಗಳು ತಿಂಗಳೂ ಬಿಡುಗಡೆ ಆಗುತ್ತಿದೆ, ಗಂಡನ ರಿಪೋರ್ಟೂ ನಾರ್ಮಲ್, ಆದರೆ ವರ್ಷ ದಾಟಿದರೂ ಗರ್ಭ ನಿಂತಿಲ್ಲ. ಇಂಥವರು ನಮ್ಮಲ್ಲಿಗೆ ಜಾಸ್ತಿ ಬರುತ್ತಾರೆ.

ಮೊದಲು ಆ 'ನಾರ್ಮಲ್' ಬಗ್ಗೆ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಕೆಳಗಿನ ಮಿತಿ ಒಂದು ಮಿಲಿಲೀಟರ್‌ಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ಚಲಿಸುವವು ಶೇ 42. ಇವು ಪಾಸ್ ಮಾರ್ಕ್ಸ್ ಅಲ್ಲ. ವರ್ಷದೊಳಗೆ ಹೆಂಡತಿಗೆ ಗರ್ಭ ನಿಂತ ಗಂಡಸರಲ್ಲೇ ಶೇ 5ರಷ್ಟು ಮಂದಿ ಇದಕ್ಕಿಂತ ಕೆಳಗಿದ್ದರು. ಮೇಲಿದ್ದರೂ ವೀರ್ಯಾಣುವಿನ ಒಳಗಿನ ಡಿಎನ್‌ಎ ಮುರಿದಿದೆಯಾ ಅನ್ನುವುದು ನನ್ನ ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ.

ಅದಕ್ಕೇ ಸ್ಯಾಂಪಲ್ ಡಬ್ಬಿ ಕೊಡುವ ಮೊದಲು ಮಾತಾಡಿಸುತ್ತೇನೆ. ಜೊತೆಗೆ ಅಮ್ಮನೋ ಹೆಂಡತಿಯೋ ಬಂದಿದ್ದರೆ ಹೊರಗೆ ಕೂರಿಸುತ್ತೇನೆ, ಇಲ್ಲದಿದ್ದರೆ ಎಲ್ಲದಕ್ಕೂ 'ಇಲ್ಲ ಸರ್' ಅನ್ನುವ ಉತ್ತರವೇ ಬರುವುದು. ಕಳೆದ ಮೂರು ತಿಂಗಳಲ್ಲಿ ಜೋರು ಜ್ವರ ಬಂದಿತ್ತಾ? ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಹೊರಬರಲು ಇನ್ನೊಂದಿಷ್ಟು ದಿನ, ಹಾಗಾಗಿ ಇವತ್ತಿನ ಸ್ಯಾಂಪಲ್ ಹೇಳುವುದು ಹಳೇ ಕಥೆ. ಸಿಗರೇಟ್ ಬಗ್ಗೆ ಕೇಳಿದರೆ ಇಲ್ಲ ಅಂತಾರೆ, ನಿಜವೇ ಇರಬಹುದು, ಗುಟ್ಕಾ ಅಂತ ಬೇರೆಯಾಗಿ ಕೇಳಬೇಕು. ಕುಡಿತವನ್ನೂ ಹಾಗೇ, ವಾರಕ್ಕೆ ಎಷ್ಟು ಸಲ, ಎಷ್ಟೆಷ್ಟು ಅಂತ.

ಆಮೇಲೆ ಬಿಸಿ. ವೃಷಣಕ್ಕೆ ಮೈಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. ನಮ್ಮೂರಲ್ಲಿ ಮಂಡಕ್ಕಿ ಭಟ್ಟಿ ಮುಂದೆ ದುಡಿಯುವವರು, ಬೇಕರಿಯವರು, ದಿನವಿಡೀ ಲಾರಿ ಓಡಿಸುವವರು ಇದ್ದಾರೆ. ಅವರಿಗೆ ಕೆಲಸ ಬಿಡಿ ಅನ್ನಲಾಗುತ್ತದಾ? ಸಡಿಲ ಬಟ್ಟೆ ಹಾಕಿ, ನಡುನಡುವೆ ಎದ್ದು ಹೊರಗೆ ಬನ್ನಿ ಅಂತೀನಿ, ಅಷ್ಟೇ.

ನನಗೆ ಹೆಚ್ಚು ಚಿಂತೆ ಜಿಮ್ ಹುಡುಗರದ್ದು. ಮೈಕಟ್ಟು ನೋಡಿದರೆ ಏನೂ ಅನುಮಾನ ಬರುವುದಿಲ್ಲ. ಆದರೆ ಹೊರಗಿನಿಂದ ಟೆಸ್ಟೋಸ್ಟಿರಾನ್ ಚುಚ್ಚಿಕೊಂಡರೆ ಮೆದುಳು 'ಸಾಕಷ್ಟಿದೆ' ಅಂದುಕೊಂಡು ವೃಷಣಕ್ಕೆ ಕಳಿಸುವ ಸೂಚನೆಯನ್ನೇ ನಿಲ್ಲಿಸುತ್ತದೆ, ಕೌಂಟ್ ಸೊನ್ನೆಗೂ ಇಳಿಯಬಹುದು. ಇಂಜೆಕ್ಷನ್ ಅಂದರೆ ಒಪ್ಪಲ್ಲ, 'ಕೋಚ್ ಏನಾದ್ರೂ ಕೊಟ್ಟಿದ್ದಾರಾ' ಅಂದರೆ ಬಾಯಿ ಬಿಡ್ತಾರೆ. ಅಂಥವರನ್ನು ನೇರ ಡಾಕ್ಟರ ಹತ್ತಿರ ಕಳಿಸುತ್ತೇನೆ.

ಸುಮ್ನೆ ಜಿಂಕ್, ಫೋಲಿಕ್ ಮಾತ್ರೆಗೆ ದುಡ್ಡು ಸುರಿಯಬೇಡಿ ಅಂತಲೂ ಹೇಳುತ್ತೇನೆ. ಅಮೆರಿಕದಲ್ಲಿ 2,370 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಆ ಎರಡರಿಂದ ವೀರ್ಯವೂ ಸುಧಾರಿಸಲಿಲ್ಲ, ಮಗು ಹುಟ್ಟುವುದೂ ಹೆಚ್ಚಲಿಲ್ಲ.

ಮೂರು ತಿಂಗಳ ನಂತರ ಮತ್ತೆ ಸ್ಯಾಂಪಲ್, ಅದೇ ಲ್ಯಾಬ್, ಸಂಪರ್ಕವಿಲ್ಲದ ದಿನಗಳೂ ಮೊದಲಿನಷ್ಟೇ, ಎರಡರಿಂದ ಏಳರೊಳಗೆ. ಒಬ್ಬನದೇ ಸ್ಯಾಂಪಲ್ ವಾರದಿಂದ ವಾರಕ್ಕೆ ಏರುಪೇರಾಗುತ್ತದೆ, ಹಾಗಾಗಿ ಸಣ್ಣ ಏರಿಕೆ ಕಂಡರೆ ನಾನಂತೂ ಕುಣಿಯುವುದಿಲ್ಲ. ಏರಿದರೂ ಗರ್ಭ ನಿಂತೇ ನಿಲ್ಲುತ್ತದೆ ಅಂತ ಯಾರಿಗೂ ಹೇಳಿಲ್ಲ. ಹೆಂಡತಿಗೆ 35 ದಾಟಿದ್ದರೆ ಈ ಮೂರು ತಿಂಗಳು ಕೈಕಟ್ಟಿ ಕಾಯಬೇಡಿ, ಗುಟ್ಕಾ ಬಿಡುವುದೂ ಚಿಕಿತ್ಸೆಯೂ ಜೊತೆಜೊತೆಗೇ ನಡೆಯಲಿ.